ಈ ಕೊಳಕ್ಕೆ ತೇಜಾಬ್ ಇಳಿಯುವುದಿಲ್ಲ

ನಾನು ಬಾಯಿ ಜೋರಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೀದರಿನಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಇದೇ ಮಾತು ಮೊದಲು ಬರುತ್ತದೆ. ಹುಟ್ಟುವಾಗಲೇ ಹೀಗಿರಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ನಾನು ಮಾತಾಡಿದರೆ ಪಕ್ಕದಲ್ಲಿ ನಿಂತ ಹುಡುಗಿಗೂ ಕೇಳಿಸುತ್ತಿರಲಿಲ್ಲ. ಧ್ವನಿ ಬಂದದ್ದು ಒಂದು ಖಾಲಿ ಈಜುಕೊಳದ ದಂಡೆಯ ಮೇಲೆ. ಅದೂ ತಡವಾಗಿ ಬಂತು, ನಮ್ಮ ಕಾಕಾನ ಎದೆ ಸುಟ್ಟ ಮೇಲೆ.

ಕಾಕಾ ನಮ್ಮಪ್ಪನ ತಮ್ಮ. ಔರಾದ ತಾಲ್ಲೂಕಿನ ಠಾಣಾ ಕುಶನೂರ ನಮ್ಮೂರು. ಅಪ್ಪ ತೊಗರಿ, ಸೋಯಾ ಎಂದು ಹೊಲ ಹಿಡಿದ; ಕಾಕಾ ಕರಣಿ ಹಿಡಿದು ಮನೆ ಕಟ್ಟುವ ಗೌಂಡಿಯಾದ. ಗೋಡೆಗೆ ಅವನು ಗಾರೆ ಮೆತ್ತಿ ಗಿಲಾವು ಮಾಡಿದರೆ ಅಂಗೈ ಇಟ್ಟು ಸವರಬೇಕೆನಿಸುತ್ತಿತ್ತು. ನನ್ನ ಓದು ಮುಗಿದ ಬೇಸಿಗೆಯಲ್ಲಿ ಅವನಿಗೆ ಭಾಲ್ಕಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದರು. ಅದರ ನೆಲವೆಲ್ಲ ಪಾಚಿ, ಗೋಡೆಗೆಲ್ಲ ಬಿಳಿ ಸುಣ್ಣದ ಹಕ್ಕಳೆ. ಅಲ್ಲಿ ನಡೆಯಬೇಕಿದ್ದ ಮದುವೆಗೆ ನಾಲ್ಕು ದಿನ ಉಳಿದಿತ್ತು. ಮನೆಯಲ್ಲಿ ಖಾಲಿ ಕೂತಿದ್ದ ನಾನು ಬಕೆಟ್ ಎತ್ತಿಕೊಡಲು ಜೊತೆಗೆ ಹೋದೆ.

ನಮ್ಮ ಕಡೆಯ ಬೋರ್ ನೀರು ಗಡಸು. ಕೊಡದ ತಳ, ನಲ್ಲಿಯ ಮೂತಿ, ಅನ್ನದ ಡಬರಿ, ಎಲ್ಲಿ ನೋಡಿದರೂ ಬಿಳಿ ಹಕ್ಕಳೆ. ಅದಕ್ಕೆ ನಮ್ಮ ಜನರ ಹತ್ತಿರ ಇರುವುದು ಒಂದೇ ಮದ್ದು, ತೇಜಾಬ್. ಆಸಿಡ್ಡಿಗೆ ನಾವು ಹಾಗೆನ್ನುತ್ತೇವೆ. ನೀರಿನ ಹಳೆಯ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಬಚ್ಚಲಿಗೆ ಸುರಿಯುತ್ತಾರೆ, ಮೂಗಿಗೆ ಸೆರಗು ಹಿಡಿದುಕೊಂಡು ನಿಲ್ಲುತ್ತಾರೆ. ಬುಸ್ಸೆಂದು ನೊರೆ ಉಕ್ಕಿ ಹೊಗೆ ಎದ್ದರೆ 'ಹಾಂ, ಹತ್ತಿತು ನೋಡು' ಎಂದು ಖುಷಿಪಡುತ್ತಾರೆ. ಕಲೆಯ ಜೊತೆಗೆ ಗಿಲಾವಿನ ಸುಣ್ಣವೂ ಕರಗಿ ಉಕ್ಕುತ್ತಿದೆ ಎಂದರೆ ನಂಬುವವರು ಇಂದಿಗೂ ಕಡಿಮೆ.

ಮೊದಲ ದಿನ ಪಾಚಿಗೆಂದು ಕೊಳದ ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್ ಚೆಲ್ಲಿದೆವು. ಮರುದಿನ ಅದನ್ನು ತೊಳೆದು ಮುಗಿಸುವ ಮೊದಲೇ ಮ್ಯಾನೇಜರ್ ಬಂದು ಕೂಗಾಡಿದ. "ಇನ್ನಾ ಎಷ್ಟ್ ದಿನ ಮಾಡ್ತೀರಿ? ತೇಜಾಬ್ ಸುರೀರಿ. ಹೊತ್ತು ಮುಳುಗೂದ್ರಾಗ ಬೆಳ್ಳಗ ಆಗಬೇಕು." ಕಾಕಾ ಕ್ಯಾನ್ ಹಿಡಿದು ಆಳದ ಕಡೆಗೆ ಇಳಿದ. ನನಗೆ ಗೊತ್ತಿತ್ತು. ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಏಳುತ್ತದೆ, ಅದು ಗಾಳಿಗಿಂತ ಭಾರ, ತಗ್ಗು ಹುಡುಕಿ ಕೂರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ತುಟಿ ಬಿಚ್ಚಲಿಲ್ಲ.

ಕಾಕಾ ಮೊದಲು ಕೆಮ್ಮಿದ. ಆಮೇಲೆ ಏಣಿಯ ಕಡೆಗೆ ಬಂದ, ಎರಡು ಮೆಟ್ಟಿಲು ಹತ್ತಿದ, ಜಾರಿ ಕೂತ. ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಇಬ್ಬರು ಅಡುಗೆಯವರು ಇಳಿದು ಎಳೆದು ತಂದರು. ಜೀವ ಉಳಿಯಿತು. ಆದರೆ ಇವತ್ತಿಗೂ ಅವನು ಬಸ್ ನಿಲ್ದಾಣದಿಂದ ಮನೆಗೆ ಬರಲು ಮೂರು ಕಡೆ ಕೂರುತ್ತಾನೆ. ಕರಣಿ ಎತ್ತಿ ಎರಡು ಕೈ ಗಾರೆ ಎಳೆಯುವಷ್ಟರಲ್ಲಿ ಉಬ್ಬಸ. ಅವನು ಒಮ್ಮೆಯೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ನಾನು ಬೀದರ ನಗರದ ಹೊರಗೆ, ಮನ್ನಳ್ಳಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಈಜುಕೊಳ ನೋಡಿಕೊಳ್ಳುತ್ತೇನೆ. ನೀರು ಪರೀಕ್ಷಿಸುವುದು, ಔಷಧಿ ಹಾಕುವುದು, ಫಿಲ್ಟರ್ ತೊಳೆಯುವುದು ನನ್ನ ಕೆಲಸ. ಗೇಟಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ನಾವು ಬೌದ್ಧರು. ನಮ್ಮಜ್ಜಿಗೆ ಊರ ಬಾವಿಯ ಕಟ್ಟೆ ಹತ್ತಲು ಬಿಟ್ಟಿರಲಿಲ್ಲ. ಅವಳ ಮೊಮ್ಮಗಳು ಇಷ್ಟು ದೊಡ್ಡ ನೀರಿಗೆ ಒಡತಿಯಂತೆ ಕುರ್ಚಿ ಹಾಕಿಕೊಂಡು ಕೂತಿರುವುದನ್ನು ನೋಡಿ ಹುಬ್ಬು ಗಂಟಿಕ್ಕಿದವರು ಕೆಲವರಿದ್ದರು. ಗಂಟಿಕ್ಕಿಕೊಳ್ಳಲಿ. ನಾನು ಕುರ್ಚಿ ಇನ್ನೂ ಒಂದು ಗೇಣು ಮುಂದೆ ಎಳೆದುಕೊಂಡು ಕೂತೆ.

ಈ ವರ್ಷ ಬೇಸಿಗೆಗೆ ಮೊದಲು ಹಳೆಯ ಗಿಲಾವು ಕಿತ್ತು ಹೊಸದು ಮಾಡಿಸಿದರು. ಬಿಳಿ ಸಿಮೆಂಟು, ಬಿಳಿ ಕಲ್ಲಿನ ಪುಡಿ. ಹಾಲು ಚೆಲ್ಲಿದಂತಿತ್ತು. ನೀರು ಬಿಡುವ ಮುನ್ನ ಮಾಲಕರ ಮನೆಯವರು ಗಂಗವ್ವನ ಪೂಜೆ ಇಟ್ಟುಕೊಂಡರು. ನನ್ನ ವಾರದ ರಜೆಯ ದಿನವನ್ನೇ ನೋಡಿ ಇಟ್ಟುಕೊಂಡರು. ಮರುದಿನ ಬಂದಾಗ ಮೆಟ್ಟಿಲ ಮೇಲೆ ಎರಡು ಚೆಂಡು ಹೂವಿದ್ದವು, ಉಳಿದದ್ದನ್ನೆಲ್ಲ ಎತ್ತಿದ್ದರು. ಹೂವೆರಡನ್ನೂ ಎತ್ತಿ ದಂಡೆಗಿಟ್ಟೆ. ಕೆಳಗೆ ಇಳಿದು ನೋಡದೆ ಬೋರ್ ಚಾಲೂ ಮಾಡಿದೆ.

ಹೊಸ ಕೊಳಕ್ಕೆ ನೀರು ಬಿಡಲು ಆರಂಭಿಸಿದರೆ ತುಂಬುವವರೆಗೆ ನಿಲ್ಲಿಸಬಾರದು. ನಿಲ್ಲಿಸಿದ ಎತ್ತರದಲ್ಲಿ ಗೋಡೆಗೆ ಗೆರೆ ಕೂರುತ್ತದೆ. ಮೊದಲ ದಿನಗಳಲ್ಲಿ ಕ್ಲೋರಿನ್ ಕೂಡ ಹಾಕಬಾರದು. ಎಲ್ಲ ಲೆಕ್ಕಾಚಾರ ಸರಿ ಇತ್ತು, ಕರೆಂಟು ಮಾತ್ರ ನನ್ನ ಮಾತು ಕೇಳಲಿಲ್ಲ. ವೋಲ್ಟೇಜ್ ಏರಿಳಿದು ಮೋಟಾರು ಸುಟ್ಟಿತು. ಸೊಂಟದ ಮಟ್ಟಕ್ಕೆ ನೀರು ನಿಂತಿತು. ಮೋಟಾರು ರಿಪೇರಿ ಮಾಡಿಸಿ ತರುವಷ್ಟರಲ್ಲಿ ಗೋಡೆಯ ಸುತ್ತಲೂ ಬಿಳಿ ಹಕ್ಕಳೆಯ ಪಟ್ಟಿ ಗಟ್ಟಿಯಾಗಿ ಕೂತಿತ್ತು. ಅದರ ಜೊತೆಗೆ ಇನ್ನೊಂದು ಕಂಡಿತು: ಮೆಟ್ಟಿಲ ಬುಡದಿಂದ ಆಳದ ಕಡೆಗೆ ಹರಿದ ಕೆಂಪು ಕಲೆ, ಅಂಗೈ ಅಗಲ, ಎರಡು ಆಳುದ್ದ.

ಮಾಲಕರು ನೋಡಿ ತಲೆಯ ಮೇಲೆ ಕೈ ಹೊತ್ತರು. ಹನ್ನೆರಡು ದಿನಕ್ಕೆ ಉದ್ಘಾಟನೆ. ನೀರು ಹೊರಹಾಕಿಸಿ, ಗುತ್ತಿಗೆಗೆ ಕೆಲಸ ಹಿಡಿಯುವ, ತಮ್ಮ ಪರಿಚಯದ ಒಬ್ಬ ಠೇಕೇದಾರನನ್ನು ಕರೆಸಿದರು. ಅವನು ಕೊಳಕ್ಕೆ ಇಳಿಯಲೂ ಇಲ್ಲ. ದಂಡೆಯಲ್ಲೇ ನಿಂತು ತೀರ್ಪು ಕೊಟ್ಟ. "ಬೀದರ ಮಣ್ಣ್ರಿ ಇದು, ಕೆಂಪು ಮಣ್ಣು. ಕೆಳಗಿಂದ ಏರ್ಯಾದ. ಕಬ್ಬಿಣದ ಕಲಿ. ತೇಜಾಬ್ ಹೊಡದ್ರ ಒಂದ ದಿನದ ಕೆಲ್ಸ." ನಮ್ಮೂರಿನಲ್ಲಿ ಬಿಳಿ ಅಂಗಿ ಕೆಂಪಾದರೂ, ನೆಲಹಾಸು ಕೆಂಪಾದರೂ ಬೈಗುಳ ಮಣ್ಣಿಗೇ. ನಾನೂ ಅದನ್ನೇ ನಂಬಿದೆ, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಆರು ಕ್ಯಾನ್ ತೇಜಾಬ್ ಬಂತು. ಜೊತೆಗೆ ಒಬ್ಬ ಕೆಲಸಗಾರ ಬಂದ. ಕಮಲನಗರದವನು, ನಲವತ್ತು ದಾಟಿದವನು, ಮಾತಿನಲ್ಲಿ ಅರ್ಧ ಮರಾಠಿ. ಕಾಲಿಗೆ ಸಕ್ಕರೆಯ ಪ್ಲಾಸ್ಟಿಕ್ ಚೀಲ ಸುತ್ತಿ ಸುತಳಿ ಕಟ್ಟಿಕೊಳ್ಳುತ್ತಿದ್ದ. ಮೂಗಿಗೆ ಕೈವಸ್ತ್ರ. ಅಷ್ಟೇ ಅವನ ರಕ್ಷಣೆ. ಅವನು ಬಗ್ಗಿ ಸುತಳಿಗೆ ಗಂಟು ಹಾಕುವುದನ್ನು ನೋಡಿದೆ. ಎದ್ದು ಹೋಗಿ ಏಣಿಯ ಬಾಯಿಗೆ ಅಡ್ಡ ನಿಂತೆ.

"ಇಳೀಬ್ಯಾಡ," ಎಂದೆ.

"ಯಾಕ್ರಿ ಅಕ್ಕಾ?" ಎಂದ ಅವನು.

"ಇದಕ್ಕ ತೇಜಾಬ್ ಹಾಕಂಗಿಲ್ಲ. ನಾ ಹಾಕಗೊಡಂಗಿಲ್ಲ."

ಠೇಕೇದಾರ ನಕ್ಕ. "ನಿಮ್ಮ ಕೆಲಸ ಬೀಗಾ ತೆಗೆಯೂದು, ಹಾಕೂದು. ಅಷ್ಟ ಮಾಡ್ರಿ."

ಸಿಟ್ಟು ನೆತ್ತಿಗೇರಿತು. "ಹಂಗಾರ ಬೀಗಾನ ಹಾಕ್ತೇನಿ," ಎಂದು ಎಲ್ಲರನ್ನೂ ಹೊರಗೆ ನಡೆಸಿ, ಕೊಳದ ಜಾಲರಿ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮಾಲಕರಿಗೆ ಫೋನ್ ಹೋಯಿತು. ಅವರು ಬಂದರು. ಮುಖ ಕೆಂಪಗಾಗಿತ್ತು. "ಏನ್ ಹಟಾ ರೀ ನಿಮ್ದು? ಕೆಲ್ಸ ಬಿಟ್ಟು ಹೋಗೋದದ ಏನು?" ಎಂದರು. ನಾನು ಬಾಗಿಲಿಗೆ ಒರಗಿ ನಿಂತೆ. ಭಾಲ್ಕಿಯಲ್ಲಿ ನುಂಗಿದ್ದ ಮಾತನ್ನೆಲ್ಲ ಆಡಿದೆ. ಕಾಕಾನ ಎದೆಯ ಕತೆ ಹೇಳಿದೆ. ಈ ಗಿಲಾವಿಗೆ ಇನ್ನೂ ತಿಂಗಳೂ ತುಂಬಿಲ್ಲ, ಹಸುಗೂಸಿನ ಚರ್ಮದಂತಿದೆ, ತೇಜಾಬ್ ಬಿದ್ದರೆ ಮೇಲ್ಪದರ ಕರಗಿ ಖರಖರ ಆಗುತ್ತದೆ, ಆಮೇಲೆ ಈಜುವವರ ಮೊಣಕಾಲು ತರಚುತ್ತದೆ, ಪಾಚಿ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ ಎಂದೆ. "ಕೆಲ್ಸದಿಂದ ತೆಗೀರಿ ಬೇಕಾದ್ರ. ಆದ್ರ ನಾ ಇಲ್ಲಿ ಇರೂತನಕ ಒಂದು ಜೀವಾ ತೇಜಾಬ್ ಹಿಡಕೊಂಡು ಈ ತಗ್ಗಿಗೆ ಇಳಿಯಂಗಿಲ್ಲ."

ಮಾಲಕರು ಜಾಲರಿಯ ಆಚೆಗಿನ ಕಲೆಯ ಕಡೆ ನೋಡಿದರು. "ಹಂಗಾರ ನೀವು ಹ್ಯಾಂಗ ತೆಗೀತೀರಿ, ತೋರಸ್ರಿ," ಎಂದರು.

ತೋರಿಸುತ್ತೇನೆ ಎಂದು ಔಷಧಿ ಅಂಗಡಿಗೆ ಹೋಗಿ ವಿಟಮಿನ್ ಸಿ ಗುಳಿಗೆ ತಂದೆ. ಕಬ್ಬಿಣದ ಕಲೆಗೆ ಅದನ್ನು ಒದ್ದೆ ಮಾಡಿ ಉಜ್ಜಿದರೆ ನೋಡನೋಡುತ್ತ ತಿಳಿಯಾಗುತ್ತದೆ. ಬೀಗ ತೆಗೆದು ಒಳಗೆ ಬಂದ ಮೇಲೆ ಮಾಲಕರು, ಠೇಕೇದಾರ, ಕಮಲನಗರದವನು, ವಾಚ್‌ಮನ್, ಎಲ್ಲರೂ ಸುತ್ತ ನಿಂತರು. ನಾನು ಮಂಡಿಯೂರಿ ಉಜ್ಜಿದೆ. ಒಂದು ಗುಳಿಗೆ ಸವೆಯಿತು, ಎರಡು ಸವೆಯಿತು. ಕೆಂಪು ಸ್ವಲ್ಪ ಹಳದಿಗೆ ತಿರುಗಿದಂತೆ ಕಂಡಿತು, ನೀರು ಹಾಕಿ ತೊಳೆದು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಂಪು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಆತಿಲ್ಲೋ ನಿಮ್ಮ ಬಿ.ಎಸ್ಸಿ.?" ಎಂದ ಠೇಕೇದಾರ. ಯಾರೋ ಹಿಂದಿನಿಂದ ಕಿಸಕ್ಕೆಂದರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಎದ್ದು ನಿಂತು ಹೇಳಿದೆ: "ಹೋಗಲಿಲ್ಲ ಅಂದ್ರ ಇದು ಕಬ್ಬಿಣ ಅಲ್ಲ ಅಂತ ಆತು. ಏನಂತ ಗೊತ್ತಿಲ್ದ ತೇಜಾಬ್ ಹಾಕೂದು ಇನ್ನಾ ತಪ್ಪು." ಮಾಲಕರು ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಟ್ಟರು. ಮಧ್ಯಾಹ್ನದ ಮೇಲೆ ನಾನು ಒಪ್ಪಿದರೂ ಬಿಟ್ಟರೂ ತೇಜಾಬ್ ಇಳಿಯುತ್ತದೆ ಎಂದು ಹೇಳಿ ಹೋದರು.

ಕಮಲನಗರದವನು ಅಲ್ಲೇ ಕೂತಿದ್ದ. ಅವನಿಗೆ ನನ್ನ ಮೇಲೆ ಕೋಪ. "ಅಕ್ಕಾ, ನೀವು ಕುರ್ಚಿ ಮ್ಯಾಲ ಕೂತು ಮಾತಾಡ್ತೀರಿ. ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ? ಹತ್ತು ವರ್ಷ ಆತು ಇದ ಕೆಲ್ಸ ಮಾಡ್ಲಾಕತ್ತು. ಏನೂ ಆಗಿಲ್ಲ." ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದ. "ಈ ಕೆಮ್ಮು ಯಾವಾಗಿಂದು?" ಎಂದು ಕೇಳಿದೆ. "ಬೀಡೀದು" ಎಂದ. "ಬೀಡಿ ಸೇದ್ತೀ?" ಎಂದೆ. ಅವನು ನೆಲ ನೋಡಿದ. "ಬಿಟ್ಟು ಐದು ವರ್ಷ ಆತ್ರಿ," ಎಂದ. ನನ್ನ ಡಬ್ಬಿಯ ಎರಡು ರೊಟ್ಟಿ ಅವನ ಕಡೆ ಸರಿಸಿದೆ, ತಿಂದ.

ಮರುದಿನ ಬೆಳಿಗ್ಗೆ ಮಾಲಕರ ತಾಯಿ ಬಂದರು. ಹಣೆಗೆ ವಿಭೂತಿ, ಕೈಯಲ್ಲಿ ಕೋಲು, ಎಂಬತ್ತರ ಹತ್ತಿರದ ವಯಸ್ಸು. ಮನೆಯಲ್ಲಿ ಗಲಾಟೆ ಕೇಳಿ ನೋಡಲು ಬಂದಿದ್ದರು. ದಂಡೆಯ ಮೇಲೆ ನಿಂತು ಕಲೆ ನೋಡಿದರು, ನನ್ನನ್ನು ನೋಡಿದರು, ಬೊಚ್ಚು ಬಾಯಿ ತೆರೆದು ನಗತೊಡಗಿದರು.

"ಅಯ್ಯ ಶಿವನ, ಇದಕ್ಕ ಇಷ್ಟೊಂದು ರಂಪಾಟ ಏನವ್ವಾ? ಇದು ನನ್ನ ಕೈಯಾಗಿನ ಅರಿಶಿಣ. ಪೂಜಿ ದಿನ ಚರಿಗಿ ತುಂಬಾ ಅರಿಶಿಣದ ನೀರು ಮೆಟ್ಟಲದಾಗ ಸುರದೀನಿ. ಗಂಗವ್ವಗ ಮೊದಲ ಅರಿಶಿಣ, ಆಮ್ಯಾಲ ನೀರು. ಸುಣ್ಣಕ್ಕ ಅರಿಶಿಣ ಬಿದ್ರ ಕೆಂಪು ಆಗ್ದ ಏನಾಗ್ತದ? ಆರತಿ ನೀರು ಹ್ಯಾಂಗ ಮಾಡ್ತಾರ ನಿಮ್ಮ ಮನ್ಯಾಗ?"

ನಮ್ಮ ಮನೆಯಲ್ಲಿ ಆರತಿ ನೀರು ಮಾಡುವುದಿಲ್ಲ. ಬುದ್ಧವಂದನೆಗೆ ಮೇಣದಬತ್ತಿ, ಊದುಬತ್ತಿ, ಹೂವು, ಅಷ್ಟೇ. ಆದರೆ ಹಾಗೆಂದರೆ ಅದು ಬರೀ ನೆಪವಾದೀತು. ಅರಿಶಿಣದ ಕಾಗದವನ್ನು ವಾಷಿಂಗ್ ಸೋಡಾದ ನೀರಿಗೆ ಅದ್ದಿ ಕೆಂಪು ಮಾಡಿದವಳು ನಾನು, ಭಾಲ್ಕಿಯ ಲ್ಯಾಬಿನಲ್ಲಿ, ಮೂರು ವರ್ಷ. ಹುಳಿ ಬಿದ್ದರೆ ಹಳದಿ, ಸುಣ್ಣಕ್ಕೆ ಕೆಂಪು. ನಿನ್ನೆ ಗುಳಿಗೆ ಉಜ್ಜಿದಾಗ ಕೆಂಪು ಹಳದಿಗೆ ತಿರುಗಿ ಮತ್ತೆ ಕೆಂಪಾದದ್ದು ಕಣ್ಣೆದುರಿಗೇ ಇತ್ತು. ಹಣೆಹಣೆ ಬಡಿದುಕೊಂಡೆ. ಪೂಜೆಗೆ ನನ್ನನ್ನು ಕರೆದಿದ್ದರೆ ಆ ಚರಿಗೆಯನ್ನು ನಾನೇ ನೋಡಿರುತ್ತಿದ್ದೆ. ಹಾಗೆಂದು ಅವರ ಮುಖದ ಮೇಲೇ ಹೇಳಿದೆ. "ನನ್ನ ಕರದಿದ್ರ ಇಷ್ಟು ಆಗ್ತಿರಲಿಲ್ಲರಿ ಅವ್ವಾರ. ರಜಾ ನೋಡಿ ಯಾಕ ಇಟ್ರಿ?"

ಮುದುಕಿ ನಗು ನಿಲ್ಲಿಸಿದರು. ಕೋಲು ಊರಿಕೊಂಡು ನನ್ನ ಕುರ್ಚಿಯಲ್ಲಿ ಕೂತರು. ಮಗ ಬಂದಾಗ ಅವನಿಗೆ ಮೊದಲು ಹೇಳಿದ ಮಾತು, "ಆಕಿ ಹೇಳಿದಂಗ ಮಾಡು," ಎಂಬುದು.

ಅರಿಶಿಣಕ್ಕೆ ಬಿಸಿಲು ಮತ್ತು ಬ್ಲೀಚಿಂಗ್ ಸಾಕು. ಆದರೆ ನಾನು ಬ್ಲೀಚಿಂಗ್ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. "ಮೊದಲ ಆ ಆರೂ ಕ್ಯಾನ್ ಕಂಪೌಂಡ್ ದಾಟಬೇಕು," ಎಂದೆ. ಠೇಕೇದಾರ "ಒಂದ್ ಮೂಲ್ಯಾಗ ಇರ್ಲಿ ಬಿಡ್ರಿ" ಎಂದು ಗೊಣಗಿದ. ಮೂಲೆಯೂ ಇಲ್ಲ, ಗೀಲೆಯೂ ಇಲ್ಲ ಎಂದೆ. ಅವನು ಆಟೋ ಕರೆಸಿದ, ಆರನೆಯ ಕ್ಯಾನ್ ಹೋಗುವವರೆಗೂ ನಾನು ಗೇಟಿನಲ್ಲೇ ನಿಂತಿದ್ದೆ. ಆಮೇಲೆ ನೆಲವನ್ನೆಲ್ಲ ಎರಡು ಸಲ ಸ್ವಚ್ಛ ನೀರಿನಿಂದ ತೊಳೆಸಿದೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು. ಕಮಲನಗರದವನಿಗೂ ಹಾಕಿಸಿದೆ. ಬಕೆಟ್ಟಿನ ತುಂಬ ನೀರಿಗೆ ಸ್ವಲ್ಪವೇ ಬ್ಲೀಚಿಂಗ್ ಕಲಸಿ, ಗಸಿ ಇಳಿದ ಮೇಲೆ ಮೇಲಿನ ತಿಳಿ ಬಸಿದು, ಮೊದಲು ಕಾಣದ ಒಂದು ಮೂಲೆಯಲ್ಲಿ ಹಚ್ಚಿ ನೋಡಿದೆವು. ಗಿಲಾವಿಗೆ ಏನೂ ಆಗಲಿಲ್ಲ. ಕಲೆಯ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಎಳೆದೆವು. ಮಧ್ಯಾಹ್ನಕ್ಕೆ ಕೆಂಪು ಗುಲಾಬಿಯಾಯಿತು. ಎರಡನೆಯ ದಿನದ ಬಿಸಿಲಿಗೆ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು.

ಗೋಡೆಯ ಬಿಳಿ ಪಟ್ಟಿ ಮಾತ್ರ ಸತಾಯಿಸಿತು. ಅದಕ್ಕೆ ಅವಸರದ ಮದ್ದಿಲ್ಲ. ಬಳೆ ಅಂಗಡಿಗೆ ಹೋಗಿ ಹಿಮ್ಮಡಿ ಉಜ್ಜುವ ಬೂದು ಬಣ್ಣದ ಹಗುರ ಕಲ್ಲು ಇದ್ದಷ್ಟೂ ತಂದೆ. ಅಂಗಡಿಯಾಕೆ "ಯಾರ ಹಿಮ್ಮಡಿ ಇಷ್ಟು ದೊಡ್ಡದು?" ಎಂದು ಕೇಳಿದಳು. ಕಲ್ಲೂ ಒದ್ದೆ, ಗೋಡೆಯೂ ಒದ್ದೆ ಇರಬೇಕು, ಒತ್ತಡ ಹಾಕಬಾರದು, ಹಕ್ಕಳೆ ಉದುರಿದ ಕೂಡಲೇ ಕೈ ತೆಗೆಯಬೇಕು. ಮೊದಲ ದಿನ ಕಮಲನಗರದವನು ಸಿಟ್ಟಿನಿಂದ ಉಜ್ಜಿ ಎರಡು ಕಡೆ ಗೀರು ಮಾಡಿದ. "ಹಿಮ್ಮಡಿ ಅಂತ ತಿಳ್ಕೊಂಡು ಉಜ್ಜಪಾ, ಠೇಕೇದಾರನ ಮುಖ ಅಂತ ತಿಳ್ಕೊಬ್ಯಾಡ," ಎಂದೆ. ಆ ಮೂರು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ಒಬ್ಬರ ಬೆನ್ನ ಹಿಂದೆ ಒಬ್ಬರು ಸುತ್ತುತ್ತ ಐದು ದಿನ ಉಜ್ಜಿದೆವು. ಮಾಲಕರು ಅವನ ಕೂಲಿಯನ್ನು ನನ್ನ ಮಾತಿನಂತೆ ಅಷ್ಟೂ ದಿನಕ್ಕೆ ಕೊಟ್ಟರು. ಕೊನೆಗೆ ಬೋರ್ ಚಾಲೂ ಮಾಡಿ, ಕೊಳ ತುಂಬಿ ತುಳುಕುವವರೆಗೆ ಸರದಿಯಲ್ಲಿ ಕಾದೆವು. ಕರೆಂಟು ಈ ಸಲ ಮರ್ಯಾದೆ ಉಳಿಸಿತು.

ಉದ್ಘಾಟನೆಯ ದಿನ ಮಾಲಕರು ಮೈಕ್ ಹಿಡಿದು ಠೇಕೇದಾರನಿಗೆ ಧನ್ಯವಾದ ಹೇಳಿದರು. ಅವನು ಶಾಲು ಹೊದ್ದುಕೊಂಡು ಕೈ ಮುಗಿದ. ನನ್ನ ಹೊಟ್ಟೆ ಉರಿಯಿತು, ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಮಲನಗರದವನು ಹಿಂದಿನ ಸಾಲಿನಿಂದ ನನ್ನ ಕಡೆ ನೋಡುತ್ತಿದ್ದ. ನಾನು ಹೋಗಿ ನೀರಿನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದು, ಮಕ್ಕಳನ್ನು ನೀರಿಗೆ ಬಿಟ್ಟೆ.

ಅದಾಗಿ ಹದಿನೈದು ದಿನವಾಗಿರಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಕಮಲನಗರದವನ ಫೋನ್ ಬಂತು. ಔರಾದ ದಾರಿಯ ಯಾವುದೋ ಫಾರ್ಮ್‌ಹೌಸಿನಲ್ಲಿದ್ದ. ಧ್ವನಿ ಸಣ್ಣದಾಗಿತ್ತು.

"ಅಕ್ಕಾ, ಇಲ್ಲೊಂದು ಖಾಲಿ ಕೊಳ ಅದ. ಬ್ಲೀಚಿಂಗ್ ಚೆಲ್ಯಾರ, ಮ್ಯಾಲ ತೇಜಾಬ್ ಹಾಕು ಅಂತಾರ. ನಾ ಇಳ್ದಿಲ್ಲ. ದಂಡಿ ಮ್ಯಾಲೇ ನಿಂತೀನಿ. ಸಾಹುಕಾರ ಒದರ್ಲಾಕತ್ತಾನ. ನಿಮ್ಮಂಗ ನನಗ ಮಾತಾಡ್ಲಾಕ ಬರಂಗಿಲ್ಲ. ಏನ್ ಹೇಳ್ಲಿ?"

ಅವನ ಹಿಂದೆ ಯಾರೋ ಕೂಗಾಡುವುದು ನನಗೂ ಕೇಳಿಸುತ್ತಿತ್ತು.

"ಏನೂ ಹೇಳಬ್ಯಾಡ," ಎಂದೆ. "ಇಳೀಬ್ಯಾಡ, ಅಷ್ಟ. ಫೋನು ಅವರ ಕೈಯಾಗ ಕೊಡು."